ಇಳಕಲ್ಲಿನ ಈರಣ್ಣ ಕೇಳಿದ್ದು

೧೯೭೮ರ ಚುನಾವಣೆಯ ದಿನಗಳು. ಒಂದು ರವಿವಾರ ಬೆಳಗ್ಗೆ ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟೆ. ಬಸ್ಸು ತುಂಬಿತ್ತು, ಅಮೀನಗಡದವರೆಗೆ ನಿಂತೇ ಹೋದೆ.

ನೋಡಬೇಕಾಗಿದ್ದುದು ನೇಕಾರ ಈರಣ್ಣನನ್ನು. ತುರ್ತುಪರಿಸ್ಥಿತಿಯಲ್ಲಿ ನಾನು ಇಳಕಲ್ಲಿನಲ್ಲಿ ಶಾಲಾ ಮಾಸ್ತರನಾಗಿದ್ದೆ. ಸಂತಾನಹರಣ ಆಪರೇಷನ್ನಿಗೆ ನಾವು ಜನರನ್ನು ಕರೆತರಬೇಕಿತ್ತು. ಇಲ್ಲದಿದ್ದರೆ ಪಗಾರ ನಿಲ್ಲುತ್ತಿತ್ತು. ಈರಣ್ಣ ಹುಟ್ಟಾ ಕಿವುಡ, ಮಾತು ಬಾರದವನು, ಆಗಿನ್ನೂ ಮದುವೆಯಾಗದವನು. ತೊಡೆಸಂದಿನ ಗಡ್ಡೆ ತೆಗೆಸುತ್ತೇನೆಂದು ಅವನ ಅಕ್ಕ ಶಾಂತವ್ವನಿಗೆ ಹೇಳಿ ಕರೆದೊಯ್ದು, ಆ ಆಪರೇಷನ್ ಮಾಡಿಸಿದವನು ನಾನೇ. ಇಂಥವನಿಗೆ ಹುಟ್ಟುವ ಮಕ್ಕಳೂ ಇಂಥವೇ, ದೇಶಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಅವನಿಗೆ ಮದುವೆಯಾಯಿತೆಂದು ಕೇಳಿದ ಮೇಲೆ ನಿದ್ದೆ ಹತ್ತಲಿಲ್ಲ.

ಹುನಗುಂದದಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಚಹಾದಂಗಡಿಯಲ್ಲಿ ವಕೀಲರೊಬ್ಬರು ಜೋರಾಗಿ ವಾದಿಸುತ್ತಿದ್ದರು. "ಜುಲುಮಿ ಮಾಡಿದ್ದು ತಪ್ಪು, ಖರೆ. ಆದ್ರ ಕುರುಡರು, ಮೂಕರು ಹಡೀಬಾರದು ಅಂತ ಕಾನೂನು ಆಗಬೇಕ್ರಿ. ಬಿತ್ತಾಕ ನಾವು ಬೀಜ ಆರಸೂದಿಲ್ಲೇನು?"

ನಾಲ್ಕೈದು ಜನ ತಲೆಯಾಡಿಸಿದರು. ಅದು ನನ್ನದೇ ಹಳೆಯ ಮಾತು. ತಿನ್ನುತ್ತಿದ್ದ ಗಿರಮಿಟ್ಟನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಇಳಕಲ್ಲಿನಲ್ಲಿ ಬಿಸಿಲು ಏರಿತ್ತು. ಈರಣ್ಣ ಮಗ್ಗದಲ್ಲಿದ್ದ, ಪಕ್ಕದಲ್ಲಿ ಅವನ ಹೆಂಡತಿ ನೂಲು ಸುತ್ತುತ್ತಿದ್ದಳು. ಶಾಂತವ್ವ ನನ್ನನ್ನು ಒಳಗೆ ಕರೆಯಲಿಲ್ಲ.

"ಈಗ್ಯಾಕ ಬಂದ್ರಿ ಮಾಸ್ತರ? ಗೊತ್ತಿದ್ದೂ ಮೋಸ ಮಾಡಿ ಹೆಣ್ಣು ತಂದೀರಿ ಅಂತ ಬೀಗರು ಬೈತಾರ. ಮಕ್ಕಳಾಗಲಿಲ್ಲಂತ ಮೊನ್ನೆ ದವಾಖಾನಿಗೆ ತೋರಿಸಿದಾಗ ನಮಗ ತಿಳೀತು. ಅಂವಗೂ ಆವಾಗ ತಿಳೀತು."

"ನಂದು ತಪ್ಪಾತವ್ವಾ."

"ಬಾಯಿಲೆ ಅನಬ್ಯಾಡ್ರಿ, ಬರದು ಕೊಡ್ರಿ. ಬೀಗರಿಗೆ ತೋರಸ್ತೇನಿ, ಸರಕಾರಕ್ಕೂ ಕಳಸ್ತೇನಿ. ದೊಡ್ಡ ದವಾಖಾನ್ಯಾಗ ಕೊಯ್ದ ನರ ಮತ್ತ ಜೋಡಸ್ತಾರಂತ."

ಬರೆದರೆ ನೌಕರಿ ಹೋಗಬಹುದಿತ್ತು. ಆದರೂ ಕಟ್ಟೆಯ ಮೇಲೆ ಕುಳಿತು ಕಾಗದ ತೆಗೆದೆ. ಎರಡು ಪುಟ ಬರೆದೆ, ಏನನ್ನೂ ಬಿಡದೆ, ಸಹಿ ಹಾಕಿದೆ.

ಶಾಂತವ್ವ ಅದನ್ನು ಸನ್ನೆಯಲ್ಲಿ ತಮ್ಮನಿಗೆ ತಿಳಿಸಿದಳು. ಅವನು ಮಗ್ಗದಿಂದೆದ್ದು ಬಂದು, ನನ್ನತ್ತ ಬೆರಳು ತೋರಿಸಿ, ಮೊಣಕಾಲೆತ್ತರಕ್ಕೆ ಕೈ ಹಿಡಿದ.

"ನಿಮಗೆಷ್ಟು ಮಕ್ಕಳು ಅಂತ ಕೇಳಾಕತ್ತಾನ್ರಿ," ಎಂದಳು ಅಕ್ಕ.

ನಾಲ್ಕು ಬೆರಳೆತ್ತಿದೆ. ಅವನು ಆ ಕೈಯನ್ನೇ ನೋಡುತ್ತ ನಿಂತ. ಅದನ್ನು ಇಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಸಂಜೆಯ ಬಸ್ಸಿಗೆ ಬಾಗಲಕೋಟೆಗೆ ಮರಳಿದೆ. ಮಳೆಗಾಲದಲ್ಲಿ ಶಾಂತವ್ವ ಒಂದು ಕಾಗದ ಬರೆಸಿದಳು: ಬೀಗರು ಸಮಾಧಾನವಾಗಿದ್ದಾರೆ, ಹುಡುಗಿ ಗಂಡನ ಬಳಿಯೇ ಇದ್ದಾಳೆ, ಆದರೆ ಮತ್ತೆ ಆಪರೇಷನ್ ಮಾಡಿಸಿದರೂ ನರ ಕೂಡಲಿಲ್ಲ. ನಾನು ಬರೆದುಕೊಟ್ಟದ್ದು ಯಾವುದೋ ಸರಕಾರಿ ಕಚೇರಿಯಲ್ಲಿದೆ. ಅದರ ಬಗ್ಗೆ ಇಂದಿನವರೆಗೆ ನನ್ನನ್ನು ಯಾರೂ ಏನೂ ಕೇಳಿಲ್ಲ.