ಕಿರೀಟದೊಳಗಿನ ಕಂದಾಯ ರಸೀದಿ

ಇವತ್ತು ತುಮಕೂರಿನ ಮನೆಯಲ್ಲಿ ಆಡಿಟರಿಗೆ ಕೊಡೋ ತೆರಿಗೆ ರಸೀದಿಗಳನ್ನ ಹಾಳೆಗೆ ಅಂಟಿಸ್ತಾ ಕೂತಿದ್ದೆ. ಗೋಂದಿನ ವಾಸನೆ ಮೂಗಿಗೆ ಬಡೀತು ನೋಡಿ, ನಿಟ್ಟೂರಿನ ನಮ್ಮ ಜಗಲಿಯೇ ಪರದೆ ಸರಿಸಿಕೊಂಡು ಎದುರು ಬಂತು!

ಊರ ನಾಟಕದಲ್ಲಿ ಅಪ್ಪನೇ ರಾಜ. ಕೈಗೆ ಸಿಕ್ಕ ಹಳೇ ಕಾಗದಕ್ಕೆಲ್ಲ ಮೈದಾ ಅಂಟು ಬಳಿದು, ಮೇಲೆ ಬಣ್ಣದ ಬೇಗಡೆ ಹಚ್ಚಿ ಕಿರೀಟ ಮಾಡಿಕೊಂಡಿದ್ದ. ನಾಟಕದ ದಿನವೇ, ಗಂಡನ್ನ ಕಳಕೊಂಡಿದ್ದ ಅತ್ತೆ ಬಂದಳು.

"ಅಣ್ಣಾ, ತೋಟದ ಖಾತೆ ನನ್ನ ಹೆಸರಿಗಾಗ್ಬೇಕು. ಕಂದಾಯದ ರಸೀದಿ ಕೇಳ್ತಾವ್ರೆ. ನಿನ್ ಕೈಲೇ ಕೊಟ್ಟಿದ್ನಲ್ಲ?"

ಅಪ್ಪ ಮಿರುಗುವ ಕಿರೀಟದ ಕಡೆ ನೋಡಿದ. ಅದನ್ನ ತೊಟ್ಟಿ ನೀರಿಗೆ ಅದ್ದಿ, ಪದರ ಪದರ ಬಿಡಿಸಿ, ರಸೀದಿಗಳನ್ನ ಒಣಹಾಕಿದ.

"ಅಯ್ಯೋ, ಸಂಜೆ ತಲೆಗೇನು ಹಾಕ್ಕೊಂತೀಯಣ್ಣಾ?"

"ಟವಲ್ ಸುತ್ಕೊಂತೀನಿ ಬುಡು."

ಟವಲಿನ ರಾಜನನ್ನ ಕಂಡು ಊರೆಲ್ಲ ನಕ್ಕಿತು. ರಸೀದಿಗಳನ್ನ ಮಡಿಲಲ್ಲಿಟ್ಟುಕೊಂಡಿದ್ದ ಅತ್ತೆ ಮಾತ್ರ ನಗಲಿಲ್ಲ.

ನಾನೀಗ ಗೋಂದು ಹಚ್ಚೋದು ಒಂದೇ ಅಂಚಿಗೆ. ಎಳೆದರೆ ಬಿಟ್ಟು ಬರಬೇಕು.