ಕೊನೆಯ ನಾಲ್ಕು ನಿಮಿಷ

ತರೀಕೆರೆಯ ಟಾಕೀಸಿನಲ್ಲಿ ಒಬ್ಬ ಆಪರೇಟರ್ ಇದ್ದರು. ರೀಲು ಮುಟ್ಟುವ ಮೊದಲು ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಯಾರಾದರೂ ಸಿನಿಮಾ ಚೆನ್ನಾಗಿಲ್ಲ ಎಂದರೆ, “ಪೂರ್ತಿ ನೋಡಿದ್ರಾ?” ಎಂದಷ್ಟೇ ಕೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಬಾಹ್ಯಾಕಾಶದ ಒಂದು ಹಳೆಯ ಇಂಗ್ಲಿಷ್ ಚಿತ್ರ ಬಂತು. ನಾನದನ್ನು ಮೊದಲೇ ಕಡೂರಿನಲ್ಲಿ ನೋಡಿದ್ದೆ. ಕೊನೆಗೆ ನೌಕೆಯ ನಾಯಕ ಜೊತೆಯವರನ್ನೆಲ್ಲ ಭೂಮಿಗೆ ಕಳಿಸಿ, ಕಿಟಕಿಯ ಬಳಿ ಒಬ್ಬನೇ ಕೂರುತ್ತಾನೆ. ನಾಲ್ಕು ನಿಮಿಷ ಸದ್ದೇ ಇಲ್ಲ. ತರೀಕೆರೆಗೆ ಅಕ್ಕನನ್ನು ಕರೆದುಕೊಂಡು ಹೋದರೆ, ನಾಯಕ ಜೊತೆಯವರಿಗೆ ಕೈಬೀಸಿದ ಕೂಡಲೇ ಚಿತ್ರ ಮುಗಿಯಿತು.

“ಸದ್ಯ, ಅವ್ನೂ ಮನೆಗೆ ಹೋದ,” ಎಂದಳು ಅಕ್ಕ.

ನಾನು ಹೋಗಿ ಆಪರೇಟರನ್ನು ಕೇಳಿದೆ. ಅವರು ತಲೆ ತಗ್ಗಿಸಿದರು.

“ಸೌಂಡ್ ಕೆಟ್ಟೋಗೈತೆ ಅಂತ ಜನ ಸಿಳ್ಳೆ ಹಾಕಿದ್ರು ಕಣಮ್ಮ. ಟಾಕೀಸಿನ ಸಾಹುಕಾರ್ರು ಕತ್ತರಿಸು ಅಂದ್ರು. ಆ ತುಂಡನ್ನ ಡಬ್ಬೀಲಿ ಹಂಗೇ ಇಟ್ಟಿದೀನಿ. ನಾಳೆ ಕೊನೇ ದಿನ, ಮ್ಯಾಟಿನಿಗೆ ಬನ್ನಿ.”

ಮರುದಿನ ಆ ತುಂಡು ತನ್ನ ಜಾಗಕ್ಕೆ ಸೇರಿತ್ತು. ಸದ್ದು ನಿಂತಿತು, ಸಿಳ್ಳೆ ಶುರುವಾಯಿತು. ಆಗ ಹಿಂದಿನ ಕಿಂಡಿಯಿಂದ ಆಪರೇಟರ ದನಿ ಕೇಳಿಸಿತು.

“ಸೌಂಡ್ ಸರಿಗೈತೆ ಕಣ್ರಪ್ಪಾ. ಅವ್ನು ಒಬ್ನೇ ಅವ್ನೆ. ಸ್ವಲ್ಪ ಸುಮ್ನಿರಿ.”

ಜನ ಸುಮ್ಮನಾದರು. ಫ್ಯಾನು ತಿರುಗುವುದು ಮಾತ್ರ ಕೇಳುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಮುಂದಿನ ವಾರ ಕಿಂಡಿಯಲ್ಲಿ ಬೇರೆಯವರಿದ್ದರು. ಹೇಳಿದ ಮಾತು ಕೇಳಲಿಲ್ಲವೆಂದು ಸಾಹುಕಾರರು ನಮ್ಮ ಆಪರೇಟರನ್ನು ಕೆಲಸದಿಂದ ಕಳಿಸಿಬಿಟ್ಟಿದ್ದರು. ಕೆಲವು ತಿಂಗಳ ಮೇಲೆ, ಅವರು ಅಜ್ಜಂಪುರದ ಟೆಂಟ್ ಟಾಕೀಸಿನಲ್ಲಿದ್ದಾರೆಂದು ಯಾರೋ ಹೇಳಿದರು. ಆ ಭಾನುವಾರವೇ ಅಕ್ಕ ಮತ್ತು ನಾನು, ಯಾವ ಸಿನಿಮಾ ಎಂದೂ ವಿಚಾರಿಸದೆ ಬಸ್ಸು ಹತ್ತಿದೆವು.