ಹೊರಗಿನಿಂದ ಹಾಕಿದ ಚಿಲಕ

ಹೋದ ತಿಂಗಳು ಠಾಣೆ ಸ್ಟೇಷನ್ನಿನಲ್ಲಿ ಮುಂಬೈ ಲೋಕಲ್ ಟ್ರೇನ್ ಹತ್ತಿ ಕೂತಾಗ ಪಕ್ಕದವರ ಕೈಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಮುಂಬ್ರಾ ದಾಟುವವರೆಗೂ ನಾನು ಫೋನ್ ತೆಗೆಯಲಿಲ್ಲ. ಡೊಂಬಿವಲಿಯ ನಮ್ಮ ಎದುರು ಫ್ಲಾಟಿನ ಆಂಟಿಯ ಬೆರಳುಗಳಿಗೂ ಇದೇ ವಾಸನೆ ಇತ್ತು...

ಅವರು ಉಡುಪಿ ಕಡೆಯವರು, ನರ್ಸ್ ಆಗಿ ನಿವೃತ್ತರಾದವರು. ಒಬ್ಬರೇ ಇದ್ದರು. ಸಣ್ಣದೊಂದು ಸ್ಟ್ರೋಕ್ ಆಗಿ ಬಲಗೈ ಮರಗಟ್ಟಿದಾಗ, ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಆಗ ಕಾಲೇಜಿನಲ್ಲಿದ್ದ ನಾನು ನನ್ನ ಆನ್‌ಲೈನ್ ಗೇಮನ್ನು ಅವರ ಫೋನಿಗೂ ಹಾಕಿಕೊಟ್ಟೆ. ಅದರಲ್ಲಿ ನಾನು ಕತ್ತಿ ಹಿಡಿದವಳು, ಅವರು ಗಾಯ ವಾಸಿ ಮಾಡುವ ವೈದ್ಯೆ. ದಿನಾ ಸಂಜೆ ಅವರ ಸೋಫಾದಲ್ಲಿ ಅಕ್ಕಪಕ್ಕ ಕೂತು ಆಡುತ್ತಿದ್ದೆವು. ನಾನು ರಾಕ್ಷಸನನ್ನು ಕೆಡವಿದರೆ, "ಪಾಪ, ಅದಕ್ಕೂ ಸ್ವಲ್ಪ ಮದ್ದು ಹಾಕಲಾ?" ಎಂದು ಕೇಳುವವರು.

ಒಂದು ಸಂಜೆ ಗೇಮಿನಲ್ಲಿ ಹೊಸ ಸವಾಲು, ಜ್ವರ ಹರಡಿದ ಹಳ್ಳಿಯ ಕ್ವೆಸ್ಟ್ ಬಂತು. ರೋಗಿಗಳನ್ನೆಲ್ಲ ಒಂದೇ ಮನೆಯೊಳಗೆ ಮಲಗಿಸಿದ್ದರು. ಹತ್ತು ನಿಮಿಷದೊಳಗೆ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರೆ ಉಳಿದ ಹಳ್ಳಿ ಬದುಕುತ್ತದೆ, ನನಗೆ ಬೆಳ್ಳಿಯ ಕತ್ತಿ ಸಿಗುತ್ತದೆ. ಆ ಕತ್ತಿಗಾಗಿ ಎರಡು ತಿಂಗಳಿನಿಂದ ಕಾದಿದ್ದೆ.

ಆಂಟಿ ನೇರ ಆ ಮನೆಯೊಳಗೆ ಹೋದರು. ಒಬ್ಬೊಬ್ಬರಿಗೇ ಮದ್ದು ಕೊಡತೊಡಗಿದರು. ಯಾರೂ ಏಳಲಿಲ್ಲ. ಗೇಮನ್ನು ಮಾಡಿದ್ದೇ ಹಾಗೆ.

"ಆಂಟಿ, ಜಲ್ದಿ ಹೊರಗೆ ಬನ್ನಿ. ಎರಡೇ ಮಿನಿಟ್ ಇದೆ," ಎಂದೆ.

"ಇನ್ನೂ ಮೂರು ಜನ ಇದ್ದಾರೆ ಮಾರಾಯ್ತಿ, ಸ್ವಲ್ಪ ನಿಲ್ಲು."

ಒಂದು ನಿಮಿಷ... ಮೂವತ್ತು ಸೆಕೆಂಡು... ಅವರ ಹೆಬ್ಬೆರಳು ಮತ್ತೆ ಮತ್ತೆ ತಪ್ಪು ಜಾಗವನ್ನು ಒತ್ತುತ್ತಿತ್ತು. ಐದು ಸೆಕೆಂಡು ಉಳಿದಾಗ ನಾನು ಚಿಲಕ ಹಾಕಿಬಿಟ್ಟೆ. ಅವರು ಒಳಗೇ ಇದ್ದರು.

ಅವರ ಫೋನಿನ ಪರದೆ ಕಪ್ಪಾಯಿತು. ಒಳಗಿಂದ ಬಾಗಿಲು ಬಡಿಯುವ ಸದ್ದು ಮಾತ್ರ ಬರುತ್ತಲೇ ಇತ್ತು. ನನ್ನ ಫೋನಿನಲ್ಲಿ ಹಳ್ಳಿಯವರು ಜೈಕಾರ ಹಾಕುತ್ತಿದ್ದರು.

ಬೈಯುತ್ತಾರೆ ಎಂದುಕೊಂಡೆ. ಅವರು ಫೋನನ್ನು ಮಗುಚಿಟ್ಟು ಬೆರಳು ತಿಕ್ಕಿಕೊಳ್ಳುತ್ತ ಕೂತರು. ಹಾಗೇ ತಿಕ್ಕುತ್ತ ಹೇಳಿದರು, "ನಾನೂ ಒಮ್ಮೆ ಚಿಲಕ ಹಾಕಿದ್ದೆ ಮಗಾ, ಸೋಂಕಿನ ವಾರ್ಡಿಗೆ. ಮೇಲಿನವರು ಹೇಳಿದರು, ಹಾಕಿದೆ. ಒಬ್ಬಳು ಹೆಂಗಸು ಎಷ್ಟೋ ಹೊತ್ತು ಬಡಿದಳು... ಹಾಕದಿದ್ದರೆ ಏನಾಗುತ್ತಿತ್ತೋ, ಇವತ್ತಿಗೂ ಗೊತ್ತಿಲ್ಲ."

ನಾನು ಫೋನ್ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಮರುದಿನ ಪರೀಕ್ಷೆಯ ನೆಪ ಹೇಳಿದೆ, ಅದರ ಮರುದಿನ ಇನ್ನೇನೋ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವರು "ಯಾವಾಗ ಬರ್ತಿ?" ಎಂದು ಕೇಳುತ್ತಿದ್ದರು. ನಾನು ಹೋಗಲೇ ಇಲ್ಲ. ಎರಡನೇ ಸ್ಟ್ರೋಕ್ ಆದಾಗ ಅವರ ತಂಗಿ ಬಂದು ಕಲ್ಯಾಣ್‌ನ ತಮ್ಮ ಮನೆಗೆ ಕರೆದುಕೊಂಡು ಹೋದರು. ಆಂಟಿ ಆ ಮಳೆಗಾಲದಲ್ಲೇ ತೀರಿಕೊಂಡರು ಎಂದು ಆಮೇಲೆ ತಿಳಿಯಿತು.

ಹೋದ ಭಾನುವಾರ ಹೊಸ ಹೆಸರಿನಲ್ಲಿ ಅದೇ ಗೇಮ್ ತೆರೆದು ಆ ಹಳ್ಳಿಯವರೆಗೆ ಆಡಿದೆ. ಈ ಸಲ ಚಿಲಕ ಹಾಕಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಜ್ವರ ಮನೆಯಿಂದ ಮನೆಗೆ ಹಬ್ಬಿತು. ಕೊನೆಗೆ ಇಡೀ ಹಳ್ಳಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇದನ್ನು ಅವರಿಗೆ ಹೇಳಬೇಕಿತ್ತು. ಕೇಳಿದ್ದರೆ ಅವರಿಗೆ ಸಮಾಧಾನ ಆಗುತ್ತಿತ್ತೋ ಇಲ್ಲವೋ... ಎದುರು ಫ್ಲಾಟಿನಲ್ಲಿ ಈಗ ಬೇರೆಯವರಿದ್ದಾರೆ.